ಕೆಟ್ಟ ಕಾಳು ಯಾರ ಪಾಲಿಗೆ?

ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ದಿಲ್ಲಿಗೆ ಬಂದದ್ದು ಕ್ರಿ.ಶ. 1334ರ ಸುಮಾರಿಗೆ, ಮುಹಮ್ಮದ್ ಬಿನ್ ತುಘ್ಲಕ್‌ನ ಕಾಲದಲ್ಲಿ. ಆ ನಗರದ ಕೋಟೆಗೋಡೆ ಎಷ್ಟು ದಪ್ಪವಿತ್ತೆಂದರೆ ಗೋಡೆಯ ಒಳಗೇ ಕಾವಲುಗಾರರ ಕೋಣೆಗಳಿದ್ದವು, ಧಾನ್ಯದ ಉಗ್ರಾಣಗಳೂ ಇದ್ದವು. ಅಂಥ ಒಂದು ಉಗ್ರಾಣದಿಂದ ಅಕ್ಕಿಯನ್ನು ಹೊರತೆಗೆಯುವುದನ್ನು ಆತ ಕಂಡ. ಅಕ್ಕಿ ಕಪ್ಪಾಗಿತ್ತು, ಆದರೆ ರುಚಿ ಕೆಟ್ಟಿರಲಿಲ್ಲ ಎಂದು ಬರೆದಿಟ್ಟಿದ್ದಾನೆ. ಅದು ಸುಲ್ತಾನ್ ಬಲ್ಬನ್‌ನ ಕಾಲದಲ್ಲಿ ತುಂಬಿಸಿಟ್ಟ ಅಕ್ಕಿ, ತೊಂಬತ್ತು ವರ್ಷ ಹಳೆಯದು ಎಂದು ಅವನಿಗೆ ಯಾರೋ ಹೇಳಿದ್ದರು. ಬಲ್ಬನ್ ಪಟ್ಟಕ್ಕೆ ಬಂದದ್ದು 1266ರಲ್ಲಿ. ಹಾಗಾಗಿ ಲೆಕ್ಕ ಹಾಕಿದರೆ ಎಪ್ಪತ್ತು ವರ್ಷವೂ ಆಗುವುದಿಲ್ಲ. ಪ್ರವಾಸಿಗಳ ಲೆಕ್ಕದಲ್ಲಿ ಇಷ್ಟು ಉದಾರತೆ ಇದ್ದೇ ಇರುತ್ತದೆ. ಐವತ್ತು ವರ್ಷವೆಂದೇ ಇಟ್ಟುಕೊಂಡರೂ ಅದು ಅಜ್ಜ ತುಂಬಿಸಿದ್ದನ್ನು ಮೊಮ್ಮಗ ಉಂಡಂತೆ.

ಅದೇ ಕಾಲದಲ್ಲಿ ಉತ್ತರ ಭಾರತವನ್ನು ಭೀಕರ ಬರಗಾಲ ಆವರಿಸಿತು. ಜನ ಸತ್ತ ಪ್ರಾಣಿಗಳ ಚರ್ಮವನ್ನು ಬೇಯಿಸಿ ತಿನ್ನುವುದನ್ನು ತಾನು ಕಂಡೆನೆಂದು ಇಬ್ನ್ ಬತೂತ ಹೇಳುತ್ತಾನೆ. ಆಗ ಸುಲ್ತಾನ ಸರಕಾರಿ ಉಗ್ರಾಣಗಳನ್ನು ತೆರೆಸಿ ದಿಲ್ಲಿಯ ಜನರಿಗೆಲ್ಲ, ದೊಡ್ಡವರು ಚಿಕ್ಕವರು, ಸ್ವತಂತ್ರರು ಗುಲಾಮರು ಎಂಬ ಭೇದವಿಲ್ಲದೆ, ಆರು ತಿಂಗಳ ಧಾನ್ಯ ಹಂಚಬೇಕೆಂದು ಆಜ್ಞಾಪಿಸಿದ. ತುಘ್ಲಕನ ಹುಚ್ಚಾಟಗಳನ್ನು ಪಠ್ಯಪುಸ್ತಕಗಳು ನಮಗೆ ಬೇಕಾದಷ್ಟು ಕಲಿಸಿವೆ. ಈ ಹಂಚಿಕೆಯ ವಿಷಯ ಅಷ್ಟಾಗಿ ಕೇಳಿಬಂದಿಲ್ಲ. ಕಪ್ಪಾದ ಅಕ್ಕಿಯನ್ನು ನೋಡಿ ಇದು ಉಣ್ಣಲು ಯೋಗ್ಯ ಎಂದು ಯಾರಾದರೂ ಹೇಳಿರಲೇಬೇಕು. ಹೀಗೆ ಹೇಳಿದವನು ಅದನ್ನು ತಾನೂ ಉಂಡನೇ, ಅಥವಾ ಹಸಿದವರ ಪಾಲಿಗೆ ಮಾತ್ರ ಅದು ಯೋಗ್ಯವಾಗಿತ್ತೇ? ಆಹಾರವನ್ನು ಕೂಡಿಡುವ ಮತ್ತು ಎಸೆಯುವ ಚರಿತ್ರೆಯನ್ನು ಓದುವಾಗ ಈ ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತದೆ.

ಕೂಡಿಡುವ ವಿದ್ಯೆ ಬಹಳ ಹಳೆಯದು. ಕುರ್‌ಆನ್ ಮತ್ತು ಬೈಬಲ್ ಎರಡರಲ್ಲೂ ಬರುವ ಯೂಸುಫರ ವೃತ್ತಾಂತದಲ್ಲಿ ಸುಭಿಕ್ಷದ ಏಳು ವರ್ಷ ದವಸ ಕೂಡಿಟ್ಟು ಬರದ ಏಳು ವರ್ಷ ದಾಟಿದ ಕಥೆಯಿದೆ. ಕೊಯ್ದದ್ದನ್ನು ತೆನೆಯಲ್ಲೇ ಉಳಿಸಿಡಿ ಎಂಬ ಸಲಹೆ ಕುರ್‌ಆನಿನ ಕಥನದಲ್ಲಿ ಬರುತ್ತದೆ. ಇದರ ಅರ್ಥ ನಮ್ಮ ರೈತರಿಗೆ ವಿವರಿಸಬೇಕಾಗಿಲ್ಲ. ಬೀಜಕ್ಕೆಂದು ಆರಿಸಿದ ಜೋಳದ ತೆನೆಯನ್ನು, ಮುಸುಕಿನ ಜೋಳವನ್ನು ಸಿಪ್ಪೆ ಸಮೇತ ಒಲೆಯ ಮೇಲಿನ ಹೊಗೆಗೆ ತೂಗುಹಾಕುವವರು ಅದನ್ನೇ ಮಾಡುತ್ತಿದ್ದರು. ಹೊದಿಕೆಯೊಳಗಿರುವ ಕಾಳಿಗೆ ಹುಳ ಹಿಡಿಯುವುದು ತಡ. ಬಡಿದು, ಕೇರಿ, ಸಿಪ್ಪೆ ಕಳಚಿದ ಮೇಲೆ ಅದರ ಆಯುಷ್ಯ ಇಳಿಯತೊಡಗುತ್ತದೆ. ಬೀಸಿ ಹಿಟ್ಟಾದರಂತೂ ಕೇಳುವುದೇ ಬೇಡ. ಸಜ್ಜೆಯ ಕಾಳು ತಿಂಗಳುಗಟ್ಟಲೆ ನಿಲ್ಲುತ್ತದೆ, ಸಜ್ಜೆಯ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಅದರೊಳಗಿನ ಎಣ್ಣೆಯಂಶ ಗಾಳಿಗೆ ಸಿಕ್ಕು ಕಮಟುವುದೇ ಕಾರಣ. ಬೇಕಾದಾಗ ಬೇಕಾದಷ್ಟೇ ಬೀಸಿಕೊಳ್ಳುವ ಪದ್ಧತಿ ಹುಟ್ಟಿದ್ದು ಹೀಗೆ.

ಹಳೆಯ ಮೈಸೂರು ಸೀಮೆಯ ರಾಗಿ ಈ ವಿಷಯದಲ್ಲಿ ಅಪೂರ್ವ ಧಾನ್ಯ. ಕಾಳು ಎಷ್ಟು ಸಣ್ಣದೆಂದರೆ ಅದರೊಳಗೆ ಹೊಕ್ಕು ಮನೆ ಮಾಡಲು ಹುಳಕ್ಕೆ ಜಾಗ ಸಾಲದು. ಆದ್ದರಿಂದಲೇ ರಾಗಿಯನ್ನು ಹಗೇವಿಗೆ ಸುರಿದು ವರ್ಷಗಟ್ಟಲೆ ಮರೆತುಬಿಡಬಹುದಾಗಿತ್ತು. ಉತ್ತರ ಕರ್ನಾಟಕದ ಜೋಳಕ್ಕೂ ಹಗೇವು ಇತ್ತು. ಊರಿನ ಎತ್ತರದ, ನೀರು ನಿಲ್ಲದ ಗಟ್ಟಿ ನೆಲದಲ್ಲಿ ಗುಡಾಣದ ಆಕಾರದ ಹಳ್ಳ ತೋಡಿ, ಒಳಗೆ ಹುಲ್ಲು ಹಾಸಿ, ಧಾನ್ಯ ತುಂಬಿ, ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ ಅಗಲವಿರುವ ಬಾಯಿಯನ್ನು ಕಲ್ಲುಚಪ್ಪಡಿಯಿಂದ ಮುಚ್ಚಿ ಮೇಲೆ ಮಣ್ಣು ಮೆತ್ತುತ್ತಿದ್ದರು. ಕಾಳೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಅದು ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಸ್ವಲ್ಪ ಕಾಲದಲ್ಲೇ ಹುಳಗಳಿಗೆ ಉಸಿರು ಕಟ್ಟುತ್ತದೆ. ಮನುಷ್ಯನಿಗೂ ಅಷ್ಟೇ. ಬಾಯಿ ತೆರೆದ ಕೂಡಲೇ ಕೆಳಗಿಳಿದವರು ಅಲ್ಲೇ ಕುಸಿದು ಸತ್ತ ಘಟನೆಗಳು ಹಗೇವಿದ್ದ ಸೀಮೆಗಳಲ್ಲೆಲ್ಲ ಇವೆ. ಹಾಗಾಗಿ ಮೊದಲು ಗಂಟೆಗಟ್ಟಲೆ ತೆರೆದಿಟ್ಟು, ಆಮೇಲೆ ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಇಳಿಯುವ ಕೆಲಸ ಧಾನ್ಯದ ಒಡೆಯನದಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಹಗೇವಿನ ನಡುವಿನ ಕಾಳು ಚಿನ್ನದಂತಿದ್ದರೂ ಗೋಡೆಗೆ ತಾಗಿದ ಕಾಳು ತೇವ ಹಿಡಿದು ಗಂಟು ಕಟ್ಟುತ್ತಿತ್ತು, ಮುಗ್ಗಲು ವಾಸನೆ ಬರುತ್ತಿತ್ತು. ತುಂಬಾ ಕೆಟ್ಟದ್ದು ದನಕ್ಕೆ. ಅಷ್ಟೇನೂ ಕೆಡದ್ದು? ಕೂಲಿಯನ್ನು ಕಾಳಿನಲ್ಲೇ ಅಳೆದು ಕೊಡುತ್ತಿದ್ದ ಕಾಲವದು. ಉತ್ತರ ಊಹಿಸುವುದು ಕಷ್ಟವಲ್ಲ.

ಕರಾವಳಿಯಲ್ಲಿ ನೆಲ ತೋಡಿದರೆ ನೀರು. ಅಲ್ಲಿನ ಜನ ಧಾನ್ಯವನ್ನು ಮೇಲಕ್ಕೇರಿಸಿದರು. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿ ಅವರ ಹಗೇವು. ಒಂದು ಮುಡಿಯೆಂದರೆ ಮೂರು ಕಳಸೆ, ನಲವತ್ತೆರಡು ಸೇರು. ಕುಚ್ಚಲಕ್ಕಿ ಮುಡಿಯೊಳಗೆ ಒಂದು ಮಳೆಗಾಲವನ್ನು ಸುಲಭವಾಗಿ ದಾಟುತ್ತಿತ್ತು. ಹುಲ್ಲು ತೇವವನ್ನು ತಡೆಯುತ್ತಿತ್ತು, ಅಡುಗೆಮನೆಯ ಅಟ್ಟಕ್ಕೇರುವ ಹೊಗೆ ಹುಳವನ್ನು ದೂರವಿಡುತ್ತಿತ್ತು. ಆಟಿಯ ತಿಂಗಳಿಗೆಂದು ಉಪ್ಪುನೀರಿನಲ್ಲಿಟ್ಟ ಮಾವಿನಕಾಯಿ, ಹಲಸಿನ ಸೊಳೆ, ಒಣಮೀನು, ಬೇಯಿಸಿ ಒಣಗಿಸಿದ ಹಲಸಿನ ಬೀಜ ಇವೆಲ್ಲ ಬ್ಯಾರಿ, ಬಂಟ, ಮೊಗವೀರ, ಕ್ರೈಸ್ತ ಎನ್ನದೆ ಎಲ್ಲ ಮನೆಗಳಲ್ಲೂ ಇದ್ದವು. ಇಬ್ನ್ ಬತೂತನೇ ಹೊನ್ನಾವರಕ್ಕೆ ಬಂದಾಗ ಅಲ್ಲಿನ ಸುಲ್ತಾನ ಜಮಾಲುದ್ದೀನನ ಪಂಕ್ತಿಯಲ್ಲಿ ಅನ್ನ ತುಪ್ಪದ ಜೊತೆ ಉಪ್ಪಿನಕಾಯಿ ಹಾಕಿದ ಮೆಣಸು, ಶುಂಠಿ, ನಿಂಬೆ, ಮಾವನ್ನು ಬಡಿಸಿದ್ದನ್ನು ವರ್ಣಿಸಿದ್ದಾನೆ. ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡದೆ ಬರೀ ಅನ್ನ ಉಂಡೆನೆಂದು ಸಣ್ಣದಾಗಿ ಗೊಣಗಿದ್ದಾನೆ ಕೂಡ. ಆದರೆ ಹೊನ್ನಾವರದ ಉಪ್ಪಿನಕಾಯಿಯ ಬಗ್ಗೆ ಅವನಿಗೆ ದೂರಿರಲಿಲ್ಲ.

ಈ ಎಲ್ಲ ಸಂಗ್ರಹದ ಕಾವಲು ಹೆಂಗಸರದು. ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಬೇಳೆಗೆ ಹರಳೆಣ್ಣೆ ಸವರುವುದು, ಕಾಳಿನ ನಡುವೆ ಬೇವು, ಹೊಂಗೆ, ಲಕ್ಕಿ ಸೊಪ್ಪು ಇಡುವುದು, ಬೀಜಕ್ಕೆ ಬೂದಿ ಬೆರೆಸುವುದು, ಬಿಸಿಲು ಬಿದ್ದ ದಿನ ಚಾಪೆಯ ಮೇಲೆ ಹರವುವುದು. ಕಾಳನ್ನು ಹಲ್ಲಿನಲ್ಲಿ ಕಡಿದಾಗ ಕಟಕ್ಕೆಂದು ಮುರಿದರೆ ತುಂಬಿಸಬಹುದು, ಮೆತ್ತಗಾಗಿ ಅಪ್ಪಚ್ಚಿಯಾದರೆ ಇನ್ನೂ ಒಣಗಬೇಕು. ಧಾನ್ಯದಲ್ಲಿ ನೂರಕ್ಕೆ ಹನ್ನೆರಡು ಹದಿಮೂರು ಪಾಲಿಗಿಂತ ಹೆಚ್ಚು ತೇವ ಇರಬಾರದೆಂದು 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಂಥ ಸಂಸ್ಥೆಗಳು ಯಂತ್ರ ಹಿಡಿದು ಹೇಳುತ್ತವೆ. ಅಜ್ಜಿಯ ಹಲ್ಲು ಹೇಳುತ್ತಿದ್ದುದೂ ಹೆಚ್ಚುಕಡಿಮೆ ಅದನ್ನೇ.

ಎಸೆಯುವುದು ಯಾವಾಗ ಎಂಬುದಕ್ಕೂ ಅವರಲ್ಲಿ ಕ್ರಮವಿತ್ತು. ನುಸಿ ಬಂದ ಅಕ್ಕಿಯನ್ನು ಎಸೆಯುವುದಿಲ್ಲ, ಬಿಸಿಲಿಗೆ ಹಾಕಿ ಕೇರಿ ತೊಳೆದು ಉಣ್ಣಬಹುದು. ಹಳೆಯ ಅಕ್ಕಿಗಂತೂ ಮರ್ಯಾದೆಯೇ ಹೆಚ್ಚು, ಅನ್ನ ಉದುರುದುರಾಗುತ್ತದೆ. ಹುಣಸೆ ಕಪ್ಪಾದರೆ ಔಷಧಿಗಾಯಿತು. ಆದರೆ ಎಣ್ಣೆ ಕಮಟಿದರೆ ದೀಪಕ್ಕೆ. ಕಾಳು ಬೂಷ್ಟು ಹಿಡಿದು ಹಸಿರು ಅಥವಾ ಕಪ್ಪು ಪುಡಿ ಉದುರಿದರೆ ತಿಪ್ಪೆಗೆ. ಉಪ್ಪಿನಕಾಯಿಯ ಮೇಲೆ ಬೂಷ್ಟು ಕಂಡರೆ ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವವರೂ ಇದ್ದರು, ಭರಣಿ ಸಮೇತ ಹೊರಗಿಡುವವರೂ ಇದ್ದರು. ಮನೆಯ ಅನುಕೂಲ ನೋಡಿ ನಿಯಮ ಸಡಿಲವಾಗುತ್ತಿತ್ತು. ಮೇಲೆ ಕಾಣುವ ಬೂಷ್ಟಿನ ಬೇರು ಕೆಳಗೆ ಕಾಣದಂತೆ ಇಳಿದಿರುತ್ತದೆಂದು ಇವತ್ತಿನ ವಿಜ್ಞಾನ ಹೇಳುವುದರಿಂದ ಹೊರಗಿಟ್ಟವರೇ ಬುದ್ಧಿವಂತರು.

ಮನೆಯ ಕಾಳಿಗೆ ಮನೆಯವಳು ಸಾಕ್ಷಿ. ಪೇಟೆಯ ಕಾಳಿಗೆ? ಮುಸ್ಲಿಮ್ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಇದ್ದ. ಅವನ ಕೆಲಸಕ್ಕೆಂದೇ ಹನ್ನೆರಡನೆಯ ಶತಮಾನದಲ್ಲಿ ಸಿರಿಯಾದ ಶೈಝರಿ ಒಂದು ಕೈಪಿಡಿ ಬರೆದ. ಹಳೆಯ ಗೋದಿಯನ್ನು ಹೊಸದರೊಂದಿಗೆ, ಕೆಟ್ಟದ್ದನ್ನು ಒಳ್ಳೆಯದರೊಂದಿಗೆ ಬೆರೆಸಿ ಮಾರಬಾರದು ಎಂಬುದು ಅದರಲ್ಲಿ ಧಾನ್ಯದ ವ್ಯಾಪಾರಿಗಳಿಗೆ ಹಾಕಿದ ನಿರ್ಬಂಧ. ಹಳೆಯದನ್ನು ಮಾರಲೇಬಾರದೆಂದಲ್ಲ, ಹಳೆಯದನ್ನು ಹೊಸದೆಂದು ನಂಬಿಸಬಾರದು. ಇಂದಿನ ಪೊಟ್ಟಣದ ಮೇಲಿನ ತಾರೀಖಿನ ಹಿಂದಿರುವುದೂ ಇದೇ ತತ್ವ.

ಪೊಟ್ಟಣಕ್ಕೂ ಮೊದಲು ಡಬ್ಬಿ ಬಂತು. ನೆಪೋಲಿಯನ್ ಯುಗದ ಫ್ರಾನ್ಸಿನಲ್ಲಿ ನಿಕೊಲಾ ಅಪೆರ್ ಎಂಬ ಮಿಠಾಯಿಗಾರ ಗಾಜಿನ ಶೀಸೆಯಲ್ಲಿ ಆಹಾರ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟರೆ ಅದು ತಿಂಗಳುಗಟ್ಟಲೆ ಕೆಡುವುದಿಲ್ಲವೆಂದು ತೋರಿಸಿದ. 1810ರಲ್ಲಿ ಸರಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಗೆ ಪೇಟೆಂಟ್ ಪಡೆದ. ಇದು ಏಕೆ ಕೆಡುವುದಿಲ್ಲವೆಂದು ಅಪೆರ್‌ನಿಗೂ ಗೊತ್ತಿರಲಿಲ್ಲ. ಅದನ್ನು ಲೂಯಿ ಪಾಶ್ಚರ್ ವಿವರಿಸಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಡಬ್ಬಿಯೊಡನೆ ಒಂದು ಹೊಸ ತೊಂದರೆಯೂ ಬಂತು: ಒಳಗಿರುವುದನ್ನು ಮೂಸಿ ನೋಡುವಂತಿಲ್ಲ. 1852ರ ಆರಂಭದಲ್ಲಿ ಬ್ರಿಟಿಷ್ ನೌಕಾಪಡೆಯ ಉಗ್ರಾಣದಲ್ಲಿ ಗೋಲ್ಡ್ನರ್ ಎಂಬ ಗುತ್ತಿಗೆದಾರ ಪೂರೈಸಿದ್ದ ಮಾಂಸದ ಡಬ್ಬಿಗಳನ್ನು ಒಡೆದಾಗ ಬಹುಪಾಲು ಕೊಳೆತು ನಾರುತ್ತಿದ್ದವು. ಸಮುದ್ರದ ನಡುವೆ ಅದನ್ನೇ ತಿನ್ನಬೇಕಾಗಿದ್ದವರು ಸಾಮಾನ್ಯ ನಾವಿಕರು.

ನಾರುವುದು ಒಂದು ರೀತಿಯಲ್ಲಿ ಉಪಕಾರವೇ. ನಾರದೆ ಕೊಲ್ಲುವುದೂ ಇದೆ. ಜರ್ಮನಿಯ ವ್ಯುರ್ಟೆಂಬರ್ಗ್‌ನ ವೈದ್ಯ, ಕವಿಯೂ ಆಗಿದ್ದ ಯುಸ್ಟಿನುಸ್ ಕೆರ್ನರ್ 1820ರ ಆಸುಪಾಸಿನಲ್ಲಿ ಕೆಟ್ಟ ಸಾಸೇಜ್ ತಿಂದು ಕಣ್ಣು ಮಂಜಾಗಿ, ನಾಲಗೆ ತೊದಲಿ, ಉಸಿರು ನಿಂತು ಸತ್ತವರ ವಿವರಗಳನ್ನು ಸಂಗ್ರಹಿಸಿದ. 1895ರಲ್ಲಿ ಬೆಲ್ಜಿಯಮ್ಮಿನ ಹಳ್ಳಿಯೊಂದರಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದವರು ಉಪ್ಪು ಹಾಕಿಟ್ಟ ಮಾಂಸ ತಿಂದು ಮೂವರು ಸತ್ತಾಗ ಎಮಿಲ್ ವಾನ್ ಎರ್ಮೆಂಗೆಮ್ ಅದರ ಸೂಕ್ಷ್ಮಾಣುವನ್ನು ಪತ್ತೆಹಚ್ಚಿದ. ಗಾಳಿಯಿಲ್ಲದ ಕಡೆಯೇ ಬೆಳೆಯುವ ಈ ಬಾಟುಲಿನಮ್ ಅಣುಜೀವಿಗೆ ಸರಿಯಾಗಿ ಕುದಿಸದೆ ಮುಚ್ಚಿದ ಡಬ್ಬಿಯೆಂದರೆ ಹೇಳಿ ಮಾಡಿಸಿದ ಮನೆ. ಉಬ್ಬಿದ ಡಬ್ಬಿಯನ್ನು ರುಚಿಯೂ ನೋಡದೆ ಎಸೆಯಬೇಕೆಂಬ ನಿಯಮ ಇಂಥ ಸಾವುಗಳಿಂದ ಕಲಿತದ್ದು.

ನಮ್ಮ ದೇಶದಲ್ಲಿ ಹೆಚ್ಚು ಹಾನಿ ಮಾಡಿದ್ದು ಮಾಂಸದ ಡಬ್ಬಿಯಲ್ಲ, ಬೂಷ್ಟು. 1960ರಲ್ಲಿ ಇಂಗ್ಲೆಂಡಿನ ಸಾಕಣೆ ಕೇಂದ್ರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬ್ರೆಜಿಲ್‌ನಿಂದ ತರಿಸಿದ ನೆಲಗಡಲೆ ಹಿಂಡಿಯಲ್ಲಿದ್ದ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ವಿಷ ಅದಕ್ಕೆ ಕಾರಣವೆಂದು ತಿಳಿಯಿತು. ಅದನ್ನು ಅಫ್ಲಾಟಾಕ್ಸಿನ್ ಎಂದು ಕರೆದರು. ಯಕೃತ್ತನ್ನು ಹಾಳುಮಾಡುವ, ಕ್ಯಾನ್ಸರ್ ತರುವ ಈ ವಿಷ ಬೇಯಿಸಿದರೂ ಹೋಗುವುದಿಲ್ಲ. ಬೂಷ್ಟನ್ನು ಒರೆಸಿ, ತೊಳೆದು, ಚೆನ್ನಾಗಿ ಕುದಿಸಿದರೆ ಸರಿಹೋಗುತ್ತದೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ಹದಿನಾಲ್ಕು ವರ್ಷಗಳ ನಂತರ ಅದೇ ವಿಷ ಮನುಷ್ಯರ ಮನೆಗೆ ಬಂತು. 1974ರ ಕೊನೆಯ ತಿಂಗಳುಗಳಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಅದಕ್ಕೆ ತಾಗಿದ ಗುಜರಾತಿನ ಪಂಚಮಹಲ್ ಜಿಲ್ಲೆಗಳ ನೂರೈವತ್ತಕ್ಕೂ ಹೆಚ್ಚು ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಬಂದು ಹೊಟ್ಟೆ ನೀರು ತುಂಬಿ ಉಬ್ಬತೊಡಗಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ದಾಖಲಿಸಿದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡಿದ್ದರು. ಅಕಾಲ ಮಳೆಗೆ ನೆನೆದ ಮುಸುಕಿನ ಜೋಳವನ್ನು ಒಣಗಿಸಲಾಗದೆ ಹಾಗೆಯೇ ಕೂಡಿಟ್ಟು ಆದಿವಾಸಿ ಕುಟುಂಬಗಳು ವಾರಗಟ್ಟಲೆ ಅದನ್ನೇ ತಿಂದಿದ್ದವು. ಅವರ ರೊಟ್ಟಿಯ ಚೂರು ತಿಂದು ಬದುಕುತ್ತಿದ್ದ ನಾಯಿಗಳಿಗೂ ಅದೇ ರೋಗ ಬಂದು ಅವೂ ಸತ್ತವು. ಕಾಳು ಬೂಷ್ಟು ಹಿಡಿದದ್ದು ಆ ತಾಯಂದಿರಿಗೆ ಕಾಣಲಿಲ್ಲವೇ? ತಲೆಮಾರುಗಳಿಂದ ಜೋಳ ಬೆಳೆದವರಿಗೆ ಅದು ಕಾಣದಿರುವುದು ಸಾಧ್ಯವೇ ಇಲ್ಲ. ಅದನ್ನು ಎಸೆದರೆ ಮಡಕೆಗೆ ಹಾಕಲು ಬೇರೇನೂ ಇರಲಿಲ್ಲ, ಅಷ್ಟೇ.

1995ರಲ್ಲಿ ನಮ್ಮ ದಖ್ಖನ್ನಿನಲ್ಲೂ ಇಂಥದೇ ನಡೆಯಿತು. ಕರ್ನಾಟಕ ಮತ್ತು ಆಂಧ್ರದ 27 ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಜೋಳ ಮತ್ತು ಮುಸುಕಿನ ಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡಿತು. ಈ ಬಾರಿ ಫ್ಯುಮೋನಿಸಿನ್ ಎಂಬ ಬೇರೊಂದು ಶಿಲೀಂಧ್ರ ವಿಷ. ಪುಣ್ಯಕ್ಕೆ ಯಾರೂ ಸಾಯಲಿಲ್ಲ, ಆ ಕಾಳು ಬಿಟ್ಟ ಕೂಡಲೇ ಗುಣವಾಯಿತು. ಕಾಯಿಲೆ ಬಿದ್ದವರು ಊರಿನ ಅತ್ಯಂತ ಬಡ ಮನೆಗಳವರು. ಅದೇ ಊರಿನಲ್ಲಿ ಒಳ್ಳೆಯ ಕಾಳು ತಿಂದವರಿಗೆ ಏನೂ ಆಗಲಿಲ್ಲ.

2001ರಲ್ಲಿ ಒಡಿಶಾದ ರಾಯಗಡ ಜಿಲ್ಲೆಯ ಕಾಶೀಪುರದಲ್ಲಿ ಮಾವಿನ ಓಟೆಯ ತಿರುಳಿನ ಗಂಜಿ ಕುಡಿದು ಇಪ್ಪತ್ತಕ್ಕೂ ಹೆಚ್ಚು ಆದಿವಾಸಿಗಳು ಸತ್ತ ಸುದ್ದಿ ಬಂತು. ಓಟೆಯನ್ನು ಒಣಗಿಸಿ, ನೆನೆಸಿ, ತೊಳೆದು, ಕುಟ್ಟಿ ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಅಲ್ಲಿ ಹಿಂದಿನಿಂದ ಬಂದ ಕ್ರಮ. ಆದರೆ ಜೋರು ಮಳೆಯಲ್ಲಿ ಅದು ಬೂಷ್ಟು ಹಿಡಿಯುತ್ತದೆ. ಇದು ಹಸಿವಿನ ಸಾವಲ್ಲ, ವಿಷಾಹಾರದ ಸಾವು ಎಂದು ಸರಕಾರ ವಾದಿಸಿತು. ಓಟೆ ತಿನ್ನುವುದು ಅವರ ಅಭ್ಯಾಸ ಎಂಬ ಮಾತೂ ಕೇಳಿಬಂತು. ಬೂಷ್ಟು ಹಿಡಿದ ಓಟೆ ಯಾರ ಅಭ್ಯಾಸವೂ ಆಗಿರಲಾರದು. ಅದೇ ವರ್ಷದ ಜುಲೈಯಲ್ಲಿ ಸರಕಾರಿ ಗೋದಾಮುಗಳಲ್ಲಿ ಸುಮಾರು 6 ಕೋಟಿ ಟನ್ ಅಕ್ಕಿ ಗೋದಿ ಬಿದ್ದುಕೊಂಡಿತ್ತು. ಜಾಗ ಸಾಲದೆ ಒಂದಷ್ಟು ಮೂಟೆಗಳು ಬಯಲಿನಲ್ಲಿ ತಾಡಪಾಲಿನ ಕೆಳಗಿದ್ದವು. ಅದನ್ನೇ ಮುಂದಿಟ್ಟುಕೊಂಡು 2001ರ ಏಪ್ರಿಲ್‌ನಲ್ಲಿ ಪಿಯುಸಿಎಲ್ ಸಂಘಟನೆ ಸುಪ್ರೀಮ್ ಕೋರ್ಟಿಗೆ ಹೋಗಿತ್ತು. ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂಬ ಆದೇಶ ಆ ಮೊಕದ್ದಮೆಯಲ್ಲೇ ಆ ವರ್ಷದ ನವೆಂಬರ್‌ನಲ್ಲಿ ಬಂತು. 2010ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ, ಧಾನ್ಯ ಕೊಳೆಯುವ ಬದಲು ಹಸಿದವರಿಗೆ ಪುಕ್ಕಟೆ ಹಂಚಿ ಎಂದಿತು. ನೀತಿ ನಿರ್ಧಾರದಲ್ಲಿ ನ್ಯಾಯಾಲಯ ಕೈಹಾಕಬಾರದೆಂದು ಮರುತಿಂಗಳು ಪ್ರಧಾನಿ ಮನಮೋಹನ್ ಸಿಂಗ್ ಹೇಳಿದರು. ಆಹಾರ ಭದ್ರತಾ ಕಾಯಿದೆ ಬಂದದ್ದು 2013ರಲ್ಲಿ. ಆದರೂ 2024ರಲ್ಲಿ ಒಡಿಶಾದ ಕಂಧಮಾಲ್ ಜಿಲ್ಲೆಯಲ್ಲಿ ಓಟೆಯ ಗಂಜಿ ಕುಡಿದು ಮತ್ತೆ ಮಹಿಳೆಯರು ಸತ್ತರು.

ನಗರದ ಅಡುಗೆಮನೆಯ ಸಮಸ್ಯೆ ಬೇರೆ. ಇಲ್ಲಿ ಹಲ್ಲು, ಮೂಗುಗಳ ಕೆಲಸವನ್ನು ತಾರೀಖು ವಹಿಸಿಕೊಂಡಿದೆ. ಭಾರತದಲ್ಲಿ 2006ರ ಆಹಾರ ಸುರಕ್ಷತಾ ಕಾಯಿದೆ, ಅದರಡಿ 2020ರಲ್ಲಿ ಬಂದ ಲೇಬಲ್ ನಿಯಮಗಳು ತಯಾರಾದ ದಿನವನ್ನೂ ಬಳಕೆಯ ಕೊನೆಯ ದಿನವನ್ನೂ ಪೊಟ್ಟಣದ ಮೇಲೆ ಕಡ್ಡಾಯವಾಗಿ ಮುದ್ರಿಸಬೇಕೆನ್ನುತ್ತವೆ. ಇಂಥ ದಿನದೊಳಗೆ ಉತ್ತಮ ಎಂಬ ‘ಬೆಸ್ಟ್ ಬಿಫೋರ್’ ಬೇಕಿದ್ದರೆ ಹಾಕಬಹುದು. ಎರಡೂ ಒಂದೇ ಎಂದು ತಿಳಿದು ಗೊಂದಲಪಡುವವರು ಬಹಳ. ಬೆಸ್ಟ್ ಬಿಫೋರ್ ರುಚಿ, ಗರಿಗರಿತನದ ಗಡುವು. ಬಳಕೆಯ ಕೊನೆಯ ದಿನ ಆರೋಗ್ಯದ ಗಡುವು. ಹಾಲು, ಮಾಂಸ, ಮಕ್ಕಳ ಆಹಾರದಲ್ಲಿ ಅದನ್ನು ಮೀರಬಾರದು. ಉಪ್ಪು, ಸಕ್ಕರೆ, ಜೇನುತುಪ್ಪಗಳಿಗೆ ತಾನಾಗಿ ಕೆಡುವ ಗುಣವೇ ಇಲ್ಲ, ಉಪ್ಪಿನಲ್ಲಿ ಬೆರೆಸಿದ ಅಯೋಡಿನ್ ಮಾತ್ರ ನಿಧಾನವಾಗಿ ಹಾರಿಹೋಗುತ್ತದೆ. ಇನ್ನೊಂದು ಮಾತು: ತಾರೀಖು ಬಿಗಿದ ಪೊಟ್ಟಣಕ್ಕೆ ಮಾತ್ರ ಅನ್ವಯ. ಕತ್ತರಿಸಿ ಅರ್ಧ ಬಳಸಿ, ಬಾಯಿ ಮಡಚಿ, ಒಲೆಯ ಪಕ್ಕದ ಬಿಸಿಯಲ್ಲಿಟ್ಟ ಹಿಟ್ಟು ತಾರೀಖನ್ನು ಓದಿಕೊಂಡು ಕೂರುವುದಿಲ್ಲ. ಕರಾವಳಿಯ ಜೂನ್ ತಿಂಗಳಲ್ಲಂತೂ ಹದಿನೈದು ದಿನದಲ್ಲಿ ಅದರ ಕಥೆ ಮುಗಿದಿರುತ್ತದೆ. ಹಳೆಯ ತಾರೀಖನ್ನು ಅಳಿಸಿ ಹೊಸದನ್ನು ಒತ್ತಿ ಮಾರುವ ಜಾಲಗಳು ಆಗಾಗ ಸಿಕ್ಕಿಬೀಳುವುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಶೈಝರಿಯ ಕೈಪಿಡಿಯನ್ನು ಇವತ್ತೂ ಜೇಬಿನಲ್ಲಿಟ್ಟುಕೊಂಡು ಪೇಟೆಗೆ ಹೋಗಬಹುದು.

ನೆಲಗಡಲೆ ಬೀಜವನ್ನು ಆರಿಸುವಾಗ ಮುರುಟಿದ್ದು, ಬಣ್ಣಗೆಟ್ಟದ್ದು, ಬೂಷ್ಟು ಹಿಡಿದದ್ದನ್ನು ಬೇರ್ಪಡಿಸಬೇಕು, ಬಾಯಿಗೆ ಕಹಿಯಾದದ್ದನ್ನು ಉಗುಳಬೇಕು. ಅಫ್ಲಾಟಾಕ್ಸಿನ್ ಹೆಚ್ಚಾಗಿ ಅವುಗಳಲ್ಲೇ ಇರುತ್ತದೆ. ಮನೆಯಲ್ಲಿ ಅದು ಒಂದು ಹಿಡಿಯಾಗಬಹುದು, ಗಿರಣಿಗಳಲ್ಲಿ ಮೂಟೆಗಟ್ಟಲೆ. ಆ ಮೂಟೆಗಳು ತಿಪ್ಪೆಗೆ ಹೋಗುವುದು ಅಪರೂಪ. ಅವುಗಳಿಂದ ಎಣ್ಣೆ ತೆಗೆಯುತ್ತಾರೆ, ಉಳಿದ ಹಿಂಡಿ ದನದ ಬಾನಿಗೆ ಬೀಳುತ್ತದೆ. ಬೂಷ್ಟು ಹಿಡಿದ ಮುಸುಕಿನ ಜೋಳದ್ದೂ ಅದೇ ದಾರಿ. ಹಸುವಿನ ದೇಹದಲ್ಲಿ ವಿಷದ ಒಂದಂಶ ಸ್ವಲ್ಪ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ 368ರಲ್ಲಿ ಅದು ಮಿತಿಗಿಂತ ಹೆಚ್ಚಿತ್ತು. ಕಾಯಿಸಿದರೆ ಆ ವಿಷ ಹೋಗುವುದಿಲ್ಲ. ಮೂಸಿದರೂ ಗೊತ್ತಾಗುವುದಿಲ್ಲ.